ಏಳರ ಸೊಂಟಕ್ಕೊಂದು ಗೀಟು

ಇಂಗ್ಲಿಷ್ ಟೀಚರು ನೋಟಿನಲ್ಲಿ ಬರೆಸಿ ಕಳಿಸಿದ್ದಾರೆ:
ಕೌಂಟ್ ಆನ್. ಅರ್ಥ, ನೆಚ್ಚುವುದು.
ಬಳಸಿ ಒಂದು ವಾಕ್ಯ ಬರೆಯಿರಿ, ಸ್ವಂತದ್ದು.
ಪಂಪಾವತಿ ಎಂಟನೇ ಕ್ಲಾಸು. ಸ್ವಂತದ್ದು ಅಂದರೆ
ಅವ್ವನನ್ನು ಕೇಳುವುದು.

ಕೌಂಟ್ ನನಗೆ ಗೊತ್ತು.
ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಆ ಪದ ಗೊತ್ತಿಲ್ಲದವರು ಯಾರು?
ಹನ್ನೆರಡು ಜೀನ್ಸಿಗೆ ಒಂದು ಕಟ್ಟು, ಕಟ್ಟಿಗೊಂದು ಚೀಟಿ.
ಮೇಸ್ತ್ರಿ ಗಾದಿಲಿಂಗ ನಾಲಿಗೆಗೆ ಬೆರಳು ತಾಗಿಸಿ
ಬೆಳಿಗ್ಗೆ ಒಮ್ಮೆ ಎಣಿಸುತ್ತಾನೆ, ಸಂಜೆ ಒಮ್ಮೆ,
ಗೇಟಿನಲ್ಲಿ ಚೀಲ ಬಿಚ್ಚಿಸಿ
ಬುತ್ತಿಯ ರೊಟ್ಟಿಯನ್ನೂ ಎಣಿಸಿಯಾನು.
ಎಣಿಸೋದು ನಂಬದವನ ಕೆಲಸ, ಮಗಳೇ.
ಸೇರು ಅಕ್ಕಿ ಕಡ ಕೊಟ್ಟವಳು
ಕಾಳು ಎಣಿಸಿ ಕೊಟ್ಟಳೇನು?

ಇನ್ನು ಆನ್. ಅದು ಮೋಟರಿನ ಸ್ವಿಚ್ಚು.
ಪಂಪಾವತಿ ನಕ್ಕಳು. ಅಲ್ಲಬೇ, ಆನ್ ಅಂದರ ಮ್ಯಾಲೆ.
ಯಾರ ಮ್ಯಾಲೆ?
ಅದನ್ನ ಟೀಚರು ಹೇಳಿಲ್ಲ.
ಎರಡೂ ಕೂಡಿದರ ಬ್ಯಾರೆನೇ ಆಗ್ತೈತಂತ,
ಸುಣ್ಣ ಅರಿಷಿಣ ಕೂಡಿ ಕೆಂಪಾದಂಗ.

ಹಂಗಾದರ ಕೇಳು.
ನಿನಗೆ ಡೆಂಗಿ ಬಂದ ವರ್ಷ
ದೊಡ್ಡಾಸ್ಪತ್ರೆಯ ವರಾಂಡದಲ್ಲಿ ನಾಲ್ಕು ದಿನ.
ಅಲ್ಲೂ ಅದೇ ಪದ. ಕೌಂಟ್ ಇಳಿದೈತಿ. ಕೌಂಟ್ ಏರಬೇಕು.
ನರ್ಸು ಬರೆದು ಹೋದ ಚೀಟಿಯನ್ನು
ಓದಲು ಬಾರದ ನಾನು ಎಷ್ಟು ಸಲ ಓದಿದೆ!

ಶನಿವಾರ ಬಟವಾಡೆ.
ಕೆಲಸ ಉಳಿದಿದೆಯೋ ಹೋಯಿತೋ ಕೇಳೋಣವೆಂದು ಹೋದೆ.
ಗಾದಿಲಿಂಗ ತಲೆ ಎತ್ತದೆ ಕವರು ಚಾಚಿದ.
ಅವನು ಎಣಿಸುವುದು ಜೀನ್ಸನ್ನು, ಜನರನ್ನಲ್ಲ.
ಗೋಡೆಯ ಕಡೆ ತಿರುಗಿ ನೋಟು ಎಣಿಸಿದೆ.
ಒಂದು ದಿನದ್ದೂ ಕಡಿಮೆ ಇಲ್ಲ.

ವಾಷಿಂಗಿಗೆ ಹೊರಟ ಕಟ್ಟುಗಳು ಬಾಗಿಲಲ್ಲಿದ್ದವು.
ಹೊಲಿದವರ ನಂಬರು ಜೇಬಿನ ಒಳಬಟ್ಟೆಯ ಮೇಲೆ,
ನೀಲಿ ಚಾಕಿನಲ್ಲಿ.
ಒಂದು ಜೇಬು ತಿರುವಿದೆ. ಹದಿನೇಳು, ನನ್ನದು.
ಇನ್ನೊಂದು. ಹದಿನೇಳು.
ಆದರೆ ನಾನು ಏಳು ಬರೆದರೆ ಬರೀ ಕುಡುಗೋಲು.
ಈ ಏಳರ ಸೊಂಟಕ್ಕೆ
ಅಡ್ಡ ಒಂದು ಗೀಟಿತ್ತು.
ಇಡೀ ಶೆಡ್ಡಿನಲ್ಲಿ ಹಾಗೆ ಗೀಟು ಎಳೆಯುವ ಕೈ ಒಂದೇ,
ಇಪ್ಪತ್ತೇಳನೇ ನಂಬರಿನ ಹೊನ್ನೂರಬಿಯದು.

ಆ ವಾರ ಅವಳ ಕವರು ಎಷ್ಟು ತೆಳ್ಳಗಿತ್ತೋ!
ಕೇಳಿಯೂ ಕೇಳಿದೆ.
ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು, ನಿಲ್ಲಿಸಲಿಲ್ಲ.
ನಿನ್ನ ನಂಬರು ತಗೊಂಡು ನಾನೇನು ಮಾಡಲವ್ವ?
ಗಾದಿಲಿಂಗನ ಲೆಕ್ಕ ತಪ್ಪಿರಬೇಕು.
ಹುಡುಗಿ ಗಂಜಿ ಕುಡಿದಳೇನು?

ಕುಂಟಾಬಿಲ್ಲೆಗೆ ಸಣ್ಣ ಹುಡುಗರನ್ನು ಸೇರಿಸಿಕೊಂಡು
ಕಣ್ಣು ಮಿಟುಕಿಸಿ ಹೇಳ್ತೀವಲ್ಲ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆ ನಾಲ್ಕು ದಿನ ನಾನು
ಆಟಕ್ಕೇ ಇರಲಿಲ್ಲ.
ಲೆಕ್ಕಕ್ಕಿದ್ದೆ.

ಇದು ವಾಕ್ಯ ಅಲ್ಲಬೇ, ಅಂದಳು ಪಂಪಾವತಿ
ಪೆನ್ನಿನ ತುದಿ ಕಚ್ಚುತ್ತ,
ಇದರಾಗ ಆ ಪದನೇ ಬಂದಿಲ್ಲ.

ಬಂದಿಲ್ಲ, ಖರೆ.
ಹೊನ್ನೂರಬಿಯ ಬಾಯಲ್ಲೂ ಬಂದಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು
ಅವಳು ಏನೋ ಬರೆದಳು, ಒಂದೇ ಸಾಲು.
ಏನೆಂದು ನಾನು ಕೇಳಲಿಲ್ಲ.
ಕೆಳಗೆ ತಾರೀಖು ಹಾಕಿದಳು, ಅವತ್ತು ಇಪ್ಪತ್ತೇಳು.
ಅಂಕಿ ಒಂದು ನನಗೆ ಓದಲು ಬರುತ್ತದೆ.
ಅವಳ ಏಳು ನನ್ನ ಹಾಗೆ, ಬರೀ ಕುಡುಗೋಲು.

ಪೆನ್ನು ಇಸಕೊಂಡು
ಗೀಟು ನಾನೇ ಎಳೆದೆ.